ಒಂದು ಫಾರ್ಗೋ ಲಾರಿ, ಹನ್ನೊಂದೂವರೆ ಲಕ್ಷ ರೂಪಾಯಿ

11,46,000 ರೂಪಾಯಿ. ಇಷ್ಟು ದುಡ್ಡು ಕೊಟ್ಟರೆ ಇವತ್ತು ಬೆಂಗಳೂರಿನ ಯಾವ ಶೋರೂಮಿನಲ್ಲಾದರೂ ಒಂದು ಒಳ್ಳೇ ಹೊಸ ಕಾರು ಸಿಗುತ್ತೆ. ಆದರೆ ನನ್ನ ಜೊತೆ ಎಂಜಿನಿಯರಿಂಗ್ ಓದಿದ ಬಸವೇಶ್ವರನಗರದ ಗೆಳೆಯನೊಬ್ಬ ಈ ದುಡ್ಡು ಸುರಿದಿದ್ದು ಒಂದು ಹಳೇ ಲಾರಿಗೆ. ಅದೂ ಎಂಥಾ ಲಾರಿ? 1960ರ ದಶಕದ ಫಾರ್ಗೋ. ಬಾಡಿಗೆಗೆ ಓಡಿಸೋದಕ್ಕಲ್ಲ, ಮಾರೋದಕ್ಕೂ ಅಲ್ಲ. ಸುಮ್ಮನೆ, ಹವ್ಯಾಸ.

ಹುಚ್ಚು ಅಂತೀರಾ? ನಾನೂ ಹಾಗೇ ಅಂದಿದ್ದೆ. ಅವನು ಮಾತಾಡಲಿಲ್ಲ, ಲೆಕ್ಕದ ಪುಸ್ತಕ ಮುಂದಿಟ್ಟ. ಅದನ್ನೇ ನಿಮ್ಮ ಮುಂದೆ ಇಡ್ತೀನಿ.

ಗುಜರಿಯವರಿಂದ ಲಾರಿ ಕೊಂಡಿದ್ದಕ್ಕೆ 1,40,000. ಹೆಚ್ಚುಕಮ್ಮಿ ಕಬ್ಬಿಣದ ತೂಕದ ರೇಟು. ಎಂಜಿನ್‌ಗೆ 1,85,000. ಏಳು ಟೈರು, ಟ್ಯೂಬು ಸೇರಿ 1,20,000. ಮರದ ಕೆಲಸ, ಡ್ರೈವರ್ ಕ್ಯಾಬಿನ್, ಹಿಂದಿನ ಬಾಡಿಗೆ 2,60,000. ಟಿಂಕರಿಂಗ್, ಪೇಂಟಿಂಗ್‌ಗೆ 1,50,000. ಬ್ರೇಕು, ವೈರಿಂಗು, ಚಿಲ್ಲರೆ ಖರ್ಚು 75,000. ಅಲ್ಲಿಗೆ 9,30,000 ಆಯ್ತು. ಇನ್ನು ಲಾರಿ ನಿಲ್ಲಿಸೋದೆಲ್ಲಿ? ಬಸವೇಶ್ವರನಗರದ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸೋಕೇ ಜಗಳ. ಕೆಂಗೇರಿ ಆಚೆ ಒಂದು ಶೆಡ್ಡು, ತಿಂಗಳಿಗೆ 6,000 ಬಾಡಿಗೆ. ಕೆಲಸ ಹಿಡಿದಿದ್ದು ಮೂರು ವರ್ಷ. 2,16,000 ಬರೀ ಜಾಗಕ್ಕೇ ಹೋಯ್ತು.

ಎಂಜಿನ್‌ಗೆ ಯಾಕೆ ಅಷ್ಟು? ಈ ಲಾರಿಯಲ್ಲಿರೋದು ಪರ್ಕಿನ್ಸ್ ಪಿ6, ಆರು ಸಿಲಿಂಡರಿನ ಡೀಸೆಲ್ ಎಂಜಿನ್. ಮದ್ರಾಸಿನ ಸಿಂಪ್ಸನ್ ಕಂಪನಿ ತಯಾರಿಸುತ್ತಿದ್ದದ್ದು. ಒಂದು ಪಿಸ್ಟನ್ ಹೋದರೆ ಒಂದನ್ನೇ ಬದಲಾಯಿಸಿ ಸುಮ್ಮನಿರೋಕಾಗಲ್ಲ. ಆರೂ ಬೋರ್‌ಗಳನ್ನು ಅಳೆಯಬೇಕು, ಲೈನರ್ ಹಾಕಬೇಕು, ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಬೇಕು. ಬಿಡಿಭಾಗ ಬೇಕು ಅಂದರೆ ಜೆ.ಸಿ. ರಸ್ತೆಯ ಅಂಗಡಿಯವರು ನಕ್ಕುಬಿಡ್ತಾರೆ. ಸಿಗದೇ ಇರೋದನ್ನು ಕಾಮಾಕ್ಷಿಪಾಳ್ಯದ ಲೇತ್‌ಗಳಲ್ಲಿ ಒಂದೊಂದಾಗಿ ಮಾಡಿಸಬೇಕು. ಸಾವಿರ ಪೀಸು ಮಾಡಿದರೆ ನೂರು ರೂಪಾಯಿಗೆ ಸಿಗುವ ವಸ್ತು, ಒಂದೇ ಪೀಸು ಮಾಡಿದರೆ ಸಾವಿರಗಟ್ಟಲೆ. ಹಳೇ ಗಾಡಿ ರಿಪೇರಿಯ ದುಬಾರಿ ಲೆಕ್ಕದ ಗುಟ್ಟು ಇದೇ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಯಾಕಂದ್ರೆ ಈ ಫಾರ್ಗೋ ಲಾರಿಗೂ ನಮ್ಮ ಬೆಂಗಳೂರಿಗೂ ಇರುವ ನಂಟು ಬಹಳ ಜನರಿಗೆ ಗೊತ್ತಿಲ್ಲ.

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, 1935ರಲ್ಲಿ ಯುರೋಪ್, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿಕೊಂಡು ಬಂದರು. ನಮ್ಮ ದೇಶದಲ್ಲೇ ಕಾರು, ಲಾರಿ ತಯಾರಾಗಬೇಕು ಅಂತ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. ಮೊದಲು ಬೊಂಬಾಯಿಯ ಕಾಂಗ್ರೆಸ್ ಸರ್ಕಾರ ಬೆಂಬಲಕ್ಕೆ ಬಂತು. 1939ರಲ್ಲಿ ಆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಆಮೇಲೆ ಕಣ್ಣು ಬಿದ್ದದ್ದು ಮೈಸೂರು ಸಂಸ್ಥಾನದ ಮೇಲೆ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಮೈಸೂರು ಸರ್ಕಾರ ಆಸಕ್ತಿ ತೋರಿಸಿತು. ಆದರೆ ಬ್ರಿಟಿಷರ ಭಾರತ ಸರ್ಕಾರಕ್ಕೆ ಇದು ಬೇಕಿರಲಿಲ್ಲ. ಯುದ್ಧದ ಹೊತ್ತಿನಲ್ಲಿ ಇದೆಲ್ಲ ಆಗಲ್ಲ ಅನ್ನುವ ಧೋರಣೆ. ಮೈಸೂರು ಹಿಂದೆ ಸರಿಯಬೇಕಾಯಿತು.

ಅದೇ ವಾಲ್‌ಚಂದ್ 1940ರ ಡಿಸೆಂಬರ್‌ನಲ್ಲಿ ಇದೇ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಶುರುಮಾಡಿದರು. ಅದೇ ನಮ್ಮ ಎಚ್‌ಎಎಲ್. ನೋಡಿ ಹೇಗಿದೆ! ವಿಮಾನ ಬಂತು, ಲಾರಿ ಬರಲಿಲ್ಲ. ಮೋಟಾರು ಕಂಪನಿ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಅನ್ನುವ ಹೆಸರಿನಲ್ಲಿ ಹುಟ್ಟಿತು, ಕಾರ್ಖಾನೆ ಬೊಂಬಾಯಿಯ ಕುರ್ಲಾದಲ್ಲಿ. ಅಮೆರಿಕದ ಕ್ರೈಸ್ಲರ್ ಕಂಪನಿಯ ಜೊತೆ ಒಪ್ಪಂದ. 1947ರಲ್ಲಿ ಗಾಡಿಗಳು ಹೊರಬಂದವು. ಲಾರಿಗಳಿಗೆ ಡಾಡ್ಜ್, ಫಾರ್ಗೋ ಅಂತ ಹೆಸರು. ಬ್ಯಾಡ್ಜ್ ಬೇರೆ, ಗಾಡಿ ಹೆಚ್ಚುಕಮ್ಮಿ ಒಂದೇ.

ಅಂದರೆ, ನನ್ನ ಗೆಳೆಯನ ಶೆಡ್ಡಿನಲ್ಲಿ ನಿಂತಿರೋದು ಬೆಂಗಳೂರಿನಲ್ಲಿ ಹುಟ್ಟಬೇಕಾಗಿದ್ದು ಬೊಂಬಾಯಿಯಲ್ಲಿ ಹುಟ್ಟಿದ ಲಾರಿ. ನಮ್ಮ ಸರ್ ಎಂ.ವಿ. ಕಂಡ ಕನಸಿನ ಒಂದು ತುಂಡು.

ಆದರೆ ಅವನು ಲಾರಿ ಕೊಂಡಿದ್ದು ವಿಶ್ವೇಶ್ವರಯ್ಯನವರಿಗಾಗಿ ಅಲ್ಲ. ಅವರಪ್ಪನಿಗಾಗಿ. ಅವರು ಚಿಕ್ಕ ವಯಸ್ಸಿನಲ್ಲಿ ಓಡಿಸುತ್ತಿದ್ದದ್ದು ಇಂಥದ್ದೇ ಫಾರ್ಗೋ. ರಾಜಾಜಿನಗರ 1949ರಲ್ಲಿ ಶುರುವಾದ ಬಡಾವಣೆ. ಆಮೇಲೆ ವಿಜಯನಗರ, ಬಸವೇಶ್ವರನಗರ ಬೆಳೆದವು. ಈ ಮನೆಗಳ ಪಾಯಕ್ಕೆ ಬಿದ್ದ ಸೈಜುಗಲ್ಲು ಎಲ್ಲಿಂದ ಬಂತು? ಮರಳು, ಇಟ್ಟಿಗೆ ಹೇಗೆ ಬಂತು? ಕಾರಿನಲ್ಲಿ ಬರಲಿಲ್ಲ ಸ್ವಾಮಿ, ಲಾರಿಯಲ್ಲಿ ಬಂತು. ಆ ಅಪ್ಪ ಮಾಗಡಿ ರಸ್ತೆಯಲ್ಲಿ ಕಲ್ಲು ಹೊತ್ತು ತಂದವರು. ನಾವು ನೀವು ಕೂತು ಟೀವಿ ನೋಡ್ತಿರೋ ಮನೆ ಹೀಗೇ ಎದ್ದು ನಿಂತಿದ್ದು.

ಈಗ ಕಾನೂನು ಏನು ಹೇಳುತ್ತೆ ಕೇಳಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ, ‘ವಿಎ’ ಅಕ್ಷರ ಇರುವ ಬೇರೆ ನಂಬರ್ ಪ್ಲೇಟು. ಒಳ್ಳೇ ನಿಯಮವೇ. ಆದರೆ ಯಾವ ವಾಹನಕ್ಕೆ? ದ್ವಿಚಕ್ರ ವಾಹನಕ್ಕೆ, ಮತ್ತು ಜನ ಕೂರುವ ಕಾರಿನಂಥ ವಾಹನಕ್ಕೆ. ಸರಕು ಹೊರುವ ಲಾರಿ ಆ ಪಟ್ಟಿಯಲ್ಲಿಲ್ಲ.

ಮರು ತಿಂಗಳೇ, ಆಗಸ್ಟ್‌ನಲ್ಲಿ, ಗುಜರಿ ನೀತಿ ಬಂತು. 15 ವರ್ಷ ದಾಟಿದ ಲಾರಿಯ ಫಿಟ್‌ನೆಸ್ ಸರ್ಟಿಫಿಕೇಟ್ ಶುಲ್ಕ 2022ರ ಏಪ್ರಿಲ್‌ನಿಂದ 1,500ರಿಂದ 12,500ಕ್ಕೆ ಏರಿತು. ಹೊಗೆ ಉಗುಳುತ್ತಾ ದಿನಾ ಓಡುವ ಹಳೇ ಲಾರಿಗಳನ್ನು ರಸ್ತೆಯಿಂದ ತೆಗೆಯಬೇಕು, ಅದರಲ್ಲಿ ನನ್ನ ತಕರಾರಿಲ್ಲ. ನಮ್ಮ ಮಕ್ಕಳ ಶ್ವಾಸಕೋಶದ ಪ್ರಶ್ನೆ ಅದು. ಆದರೆ ವರ್ಷಕ್ಕೆ ಎರಡು ಸಲ, ಹಬ್ಬಕ್ಕೋ ಪ್ರದರ್ಶನಕ್ಕೋ ಹೊರಬರುವ ಒಂದು ಫಾರ್ಗೋ? ರಾಜರ ಕಾರಿಗೆ ಪರಂಪರೆಯ ಪಟ್ಟ. ಕಲ್ಲು ಹೊತ್ತ ಲಾರಿಗೆ ಗುಜರಿ. ಇದು ಯಾವ ನ್ಯಾಯ?

ಇನ್ನೊಂದು ತಮಾಷೆ ಇದೆ. ‘ಮೂಲ ರೂಪ’ ಅಂತಾರಲ್ಲ, ಲಾರಿಗೆ ಮೂಲ ರೂಪ ಯಾವುದು? ಆ ಕಾಲದಲ್ಲಿ ಸಾಮಾನ್ಯವಾಗಿ ಕಂಪನಿಯಿಂದ ಬರುತ್ತಿದ್ದದ್ದು ಎಂಜಿನ್, ಬಾನೆಟ್ಟು, ಚಾಸಿ, ಚಕ್ರ. ಕ್ಯಾಬಿನ್ನು, ಬಾಡಿ ಎಲ್ಲಾ ಊರಿನ ಮರಗೆಲಸದವರು, ಟಿಂಕರ್‌ಗಳು ಕಟ್ಟುತ್ತಿದ್ದರು. ಮುಂದಿನ ಹಣೆಪಟ್ಟಿಯ ಮೇಲೆ ದೇವರ ಹೆಸರು ಬರೆಯುತ್ತಿದ್ದವನು ನಮ್ಮೂರ ಪೇಂಟರ್. ಅಂದರೆ ಅರ್ಧ ಲಾರಿ ಕುರ್ಲಾದ್ದು, ಅರ್ಧ ಲಾರಿ ನಮ್ಮದು. ನನ್ನ ಗೆಳೆಯನ ಲೆಕ್ಕದಲ್ಲಿ ಅತಿ ದೊಡ್ಡ ಮೊತ್ತ, 2,60,000, ಹೋಗಿದ್ದು ಆ ನಮ್ಮ ಅರ್ಧಕ್ಕೇ. ಲಾರಿಗೆ ಮರದ ಕ್ಯಾಬಿನ್ ಕಟ್ಟಬಲ್ಲ ಮೇಸ್ತ್ರಿಯನ್ನು ಹುಡುಕೋಕೇ ಅವನಿಗೆ ಐದು ತಿಂಗಳು ಹಿಡಿಯಿತು. ಸಿಕ್ಕ ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಅವರ ಮಕ್ಕಳು ಈ ಕೆಲಸದಲ್ಲಿಲ್ಲ.

ಧರ್ಮಸ್ಥಳದಲ್ಲಿ ಹಳೇ ಕಾರುಗಳ ಸಂಗ್ರಹ ನೋಡಿ ನಾವೆಲ್ಲ ಬೆರಗಾಗಿದ್ದೇವೆ. ಹರಿಯಾಣದ ತಾವಡುವಿನಲ್ಲಿ 2013ರಿಂದ ಸಾರಿಗೆಗೇ ಮೀಸಲಾದ ಖಾಸಗಿ ಮ್ಯೂಸಿಯಂ ಇದೆ. ನಮ್ಮಲ್ಲೂ ಲಾರಿಗೊಂದು ಮೂಲೆ ಬೇಡವೇ? ವಿಂಟೇಜ್ ನಿಯಮಕ್ಕೆ ಒಂದು ಸಾಲು ಸೇರಿಸಿದರೆ ಸಾಕು: ಬಾಡಿಗೆಗೆ ಓಡಿಸದ, 50 ವರ್ಷ ದಾಟಿದ ಲಾರಿಗೂ ಇದು ಅನ್ವಯ. ಖಜಾನೆಗೆ ನಷ್ಟವಿಲ್ಲ.

ಕಳೆದ ಸಲ ಆ ಶೆಡ್ಡಿಗೆ ಹೋಗಿದ್ದೆ. ಎಂಜಿನ್ ಸ್ಟಾರ್ಟ್ ಆಯ್ತು. ಅವರಪ್ಪ ಒಬ್ಬರೇ ಹತ್ತಿ ಸೀಟಿನಲ್ಲಿ ಕೂತರು. ಮೊಣಕಾಲು ನೋವಿನವರು, ಯಾರ ಕೈಯನ್ನೂ ಹಿಡಿಯಲಿಲ್ಲ. ಗೇರು ಹಾಕಿ ಲಾರಿಯನ್ನು ಶೆಡ್ಡಿನ ಗೇಟಿನವರೆಗೆ ತಂದು ನಿಲ್ಲಿಸಿದರು. ನಲವತ್ತು ಅಡಿ ಇರಬಹುದು.

“ರಸ್ತೆಗೆ ಇಳಿಸಲೇನೋ?” ಅಂದರು.

“ಇಲ್ಲಪ್ಪ, ಪೇಪರ್ ಆಗಬೇಕು” ಅಂದ ಮಗ.

ಅವರು ಏನೂ ಹೇಳಲಿಲ್ಲ. ಕನ್ನಡಿ ನೋಡಿಕೊಂಡು, ನಿಧಾನಕ್ಕೆ ರಿವರ್ಸ್ ತೆಗೆದುಕೊಂಡರು.