ಧರ್ಮಕೇಂದ್ರದ ಕಾಣಿಕೆ ಮತ್ತು ಅದರ ಲೆಕ್ಕ

ಬೆಂಗಳೂರು ಗ್ರಾಮಾಂತರದ ಕಥೋಲಿಕ ಧರ್ಮಕೇಂದ್ರಗಳ ನಿತ್ಯದ ಖರ್ಚು ಸಾಗುವುದು ಹೆಚ್ಚಾಗಿ ಭಕ್ತರ ಕಾಣಿಕೆಯಿಂದಲೇ. ಭಾನುವಾರದ ಬಲಿಪೂಜೆಯಲ್ಲಿ ಸೇರುವ ಹಣ, ಪೂಜೆ ಹೇಳಿಸಲು ಕೊಡುವ ಕಾಣಿಕೆ, ಹರಕೆ, ಹಬ್ಬದ ವಂತಿಗೆ ಎಲ್ಲವೂ ಅದರಲ್ಲಿ ಸೇರುತ್ತವೆ. ರಾಗಿ ಬೆಳೆಯುವವರ ಕೈಗೆ ಹಣ ಬರುವುದು ಸುಗ್ಗಿಯಲ್ಲಿ. ದೊಡ್ಡಬಳ್ಳಾಪುರದ ಮಗ್ಗದ ಕೆಲಸಗಾರರಿಗೆ ವಾರದ ಬಟವಾಡೆ, ಹೊಸಕೋಟೆ ಮತ್ತು ನೆಲಮಂಗಲದ ಕಾರ್ಖಾನೆ ನೌಕರರಿಗೆ ತಿಂಗಳ ಸಂಬಳ. ಹಾಗಾಗಿ ಎಲ್ಲ ಮನೆಗಳಿಗೂ ಒಂದೇ ಮೊತ್ತ, ಒಂದೇ ಗಡುವು ಹಾಕುವ ವಂತಿಗೆ ಇಲ್ಲಿಗೆ ಒಗ್ಗುವುದಿಲ್ಲ. ಸಂತ ಪೌಲನು ಕೊರಿಂಥದ ಸಭೆಗೆ ಕೇಳಿಕೊಂಡದ್ದೂ ಇಷ್ಟೇ: ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಗಳಿಕೆಗೆ ತಕ್ಕಂತೆ ಒಂದಿಷ್ಟನ್ನು ತೆಗೆದಿಡಬೇಕು.

ಈ ಸೀಮೆಯಲ್ಲಿ ದಾನದ ದೊಡ್ಡ ಪರೀಕ್ಷೆ ನಡೆದದ್ದು 1876–78ರ ಧಾತು–ಈಶ್ವರ ಬರದಲ್ಲಿ. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 41.8 ಲಕ್ಷಕ್ಕೆ ಇಳಿದಿತ್ತು. ಊರೂರುಗಳಲ್ಲಿ ಮಕ್ಕಳು ದಿಕ್ಕಿಲ್ಲದೆ ಉಳಿದರು. ಆಗ ಮೈಸೂರು ಮಿಷನ್ ನಡೆಸುತ್ತಿದ್ದವರು ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಗುರುಗಳು. ಬರ ಕಳೆದ ಮೇಲೆ ಅನಾಥರ ಬದುಕಿಗಾಗಿ ಚಿಕ್ಕಬಾಣಾವರದ ಬಳಿಯ ಸಿಲುವೆಪುರ, ಕನಕಪುರ ದಾರಿಯ ಮರಿಯಾಪುರಗಳು ಬೇಸಾಯದ ನೆಲೆಗಳಾಗಿ ಬೆಳೆದವು. ಇದಕ್ಕೂ ಹಿಂದೆ, 19ನೇ ಶತಮಾನದ ಆರಂಭದಲ್ಲಿ, ಅದೇ ಸಂಸ್ಥೆಯ ಗುರು ಅಬ್ಬೆ ದುಬುವಾ ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಬಡ ಕ್ರೈಸ್ತ ಕುಟುಂಬಗಳನ್ನು ಬೇಸಾಯಕ್ಕೆ ಹಚ್ಚಿದ್ದರು. ಗಂಜಿಗೆಂದು ಬಂದ ಹಣ ಗಂಜಿಯೊಂದಿಗೇ ತೀರುತ್ತದೆ. ಉಳಲು ನೆಲ, ಹೂಡಲು ಎತ್ತು ಸಿಕ್ಕವನು ಮುಂದಿನ ಮಳೆಗಾಲಕ್ಕೆ ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ. ಈ ದೂರದೃಷ್ಟಿ ಇಂದಿನ ಧರ್ಮಕೇಂದ್ರಗಳ ದಾನಕ್ಕೂ ಅಗತ್ಯ.

ಹಳೆಯ ಮೈಸೂರು ಧರ್ಮಕ್ಷೇತ್ರದಿಂದ ಬೆಂಗಳೂರು 1940ರಲ್ಲಿ ಬೇರೆಯಾಗಿ, 1953ರಲ್ಲಿ ಮಹಾಧರ್ಮಕ್ಷೇತ್ರವಾಯಿತು. ಇಲ್ಲಿನ ಲ್ಯಾಟಿನ್ ವಿಧಿಯ ಧರ್ಮಕೇಂದ್ರಗಳ ಹಣಕಾಸಿಗೆ 1983ರ ಕ್ಯಾನನ್ ಕಾನೂನೇ ಆಧಾರ. ಅದರ 537ನೇ ನಿಯಮದಂತೆ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಆಡಳಿತದಲ್ಲಿ ಭಕ್ತರು ಗುರುಗಳಿಗೆ ನೆರವಾಗುವುದು ಅದರ ಮೂಲಕ. 1284ನೇ ನಿಯಮ ಆಡಳಿತಗಾರನನ್ನು ಮನೆಯ ಒಳ್ಳೆಯ ಯಜಮಾನನ ಸ್ಥಾನದಲ್ಲಿ ನಿಲ್ಲಿಸಿ, ಆಯವ್ಯಯದ ಪುಸ್ತಕ ಸರಿಯಾಗಿಡುವುದು, ಸಾಲವನ್ನು ಬಡ್ಡಿಸಮೇತ ಹೊತ್ತಿಗೆ ತೀರಿಸುವುದು, ಆಸ್ತಿಯ ದಾಖಲೆ ಕಾಪಾಡುವುದು, ವರ್ಷದ ಕೊನೆಗೆ ವರದಿ ಸಿದ್ಧಪಡಿಸುವುದು ಅವನ ಕೆಲಸವೆನ್ನುತ್ತದೆ. ಇವೆಲ್ಲಕ್ಕಿಂತ ಹಳ್ಳಿಯ ಭಕ್ತರ ಮನಸ್ಸಿಗೆ ಹತ್ತಿರವಾದದ್ದು 1267ನೇ ನಿಯಮ: ಒಂದು ಉದ್ದೇಶಕ್ಕೆಂದು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೆ ಮಾತ್ರ ಬಳಸಬೇಕು. ಗಂಟೆಗೋಪುರಕ್ಕೆ ಬಂದ ಹಣದಲ್ಲಿ ಹಬ್ಬದ ದೀಪಾಲಂಕಾರ ಮಾಡುವಂತಿಲ್ಲ. ಬಡ ಮಕ್ಕಳ ಓದಿಗೆಂದು ಕೊಟ್ಟದ್ದರಲ್ಲಿ ಗುರುನಿವಾಸಕ್ಕೆ ಸುಣ್ಣಬಣ್ಣ ಮಾಡಿಸುವಂತಿಲ್ಲ. ಪೂಜೆಯ ಕಾಣಿಕೆಗಳಿಗೆ ಬೇರೆಯೇ ಪುಸ್ತಕವಿದ್ದು, ಎಷ್ಟು ಪೂಜೆ, ಯಾವ ಸಂಕಲ್ಪ, ಎಷ್ಟು ಹಣ, ಪೂಜೆ ಆಯಿತೇ ಎಂಬುದನ್ನು ಅದರಲ್ಲಿ ಬರೆದಿಡಬೇಕು. ಅದನ್ನು ಧರ್ಮಾಧ್ಯಕ್ಷರು ಖುದ್ದಾಗಿ ಅಥವಾ ಇತರರ ಮೂಲಕ ಪ್ರತಿ ವರ್ಷ ಪರಿಶೀಲಿಸಬೇಕು.

ಭಾನುವಾರದ ಎಣಿಕೆ ಸಣ್ಣ ಕೆಲಸವೆನಿಸಿದರೂ ನಂಬಿಕೆ ನಿಲ್ಲುವುದು ಅಲ್ಲೇ. ಪೂಜೆ ಮುಗಿದೊಡನೆ ಕಾಣಿಕೆಯ ಚೀಲವನ್ನು ಮೇಜಿನ ಮೇಲೆ ಸುರಿದು, ಮಡಚಿದ ಹತ್ತರ ನೋಟುಗಳನ್ನು ಬಿಡಿಸಿ, ಚಿಲ್ಲರೆಯನ್ನು ಬೇರ್ಪಡಿಸಿ, ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಎಣಿಸಿ, ಮೊತ್ತ ಬರೆದು ಇಬ್ಬರೂ ಸಹಿ ಹಾಕಬೇಕು. ಹಣ ಮರುದಿನವೇ ಬ್ಯಾಂಕಿಗೆ ಹೋಗಬೇಕು. ಇದರಲ್ಲಿ ಗುರುಗಳ ಮೇಲಾಗಲಿ ಸಮಿತಿಯ ಮೇಲಾಗಲಿ ಅನುಮಾನದ ಮಾತಿಲ್ಲ. ಜೆರುಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಸಾಗಿಸುವಾಗ ಪೌಲನು ಸಭೆಗಳೇ ನೇಮಿಸಿದವರನ್ನು ಜೊತೆಗಿಟ್ಟುಕೊಂಡದ್ದು ಯಾರೂ ಬೆರಳು ತೋರಿಸದಿರಲಿ ಎಂದೇ. ಬಡವಿಧವೆಯ ಎರಡು ಕಾಸನ್ನು ಕ್ರಿಸ್ತನು ಗಮನಿಸಿದನೆಂದ ಮೇಲೆ ಆ ಕಾಸು ಎಲ್ಲಿಗೆ ಹೋಯಿತೆಂದು ತಿಳಿಯುವ ಹಕ್ಕು ಭಕ್ತರಿಗಿದೆ. 1287ನೇ ನಿಯಮ ಹೇಳುವುದೂ ಅದನ್ನೇ: ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು. ವರ್ಷದ ಲೆಕ್ಕವನ್ನು ಕನ್ನಡದಲ್ಲಿ ಓದಿ ಹೇಳಿ ಗುಡಿಯ ಬಾಗಿಲ ಬಳಿ ಅಂಟಿಸಿದರೆ ಅಕ್ಷರ ಬಾರದ ಅಜ್ಜಿಗೂ ಅದು ತಲುಪುತ್ತದೆ. ವಿದೇಶದಿಂದ ಬರುವ ನೆರವಿಗೆ ದೇಶದ ಕಾನೂನು ಇನ್ನೂ ಬಿಗಿ. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು.

ಈಗ ಈ ಜಿಲ್ಲೆಯಲ್ಲಿ ಹೆಚ್ಚು ಎಚ್ಚರ ಬೇಡುವುದು ಭೂಮಿಯ ವಿಷಯ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಸುತ್ತಲ ಊರುಗಳ ನೆಲದ ಬೆಲೆ ಬಹಳ ಏರಿದೆ. ಹಿರಿಯರು ಗುಡಿಗೆ, ಶಾಲೆಗೆ, ಸಮಾಧಿಗೆಂದು ಬಿಟ್ಟ ತುಂಡು ನೆಲವೂ ಈಗ ಬೆಲೆಬಾಳುವ ಆಸ್ತಿ. ಅಂಥದನ್ನು ಗುರುಗಳಾಗಲಿ ಸಮಿತಿಯಾಗಲಿ ತಮ್ಮಿಷ್ಟದಂತೆ ಮಾರುವಂತಿಲ್ಲ. ನ್ಯಾಯವಾದ ಕಾರಣ ಇರಬೇಕು, ತಜ್ಞರ ಲಿಖಿತ ಬೆಲೆ ಅಂದಾಜು ಇರಬೇಕು. ಬೆಲೆ ನಿಗದಿತ ಮಿತಿ ದಾಟಿದರೆ ಧರ್ಮಕ್ಷೇತ್ರದ ಹಣಕಾಸು ಸಮಿತಿ ಹಾಗೂ ಸಲಹಾ ಗುರುಮಂಡಳಿಯ ಸಮ್ಮತಿಯೊಂದಿಗೆ ಧರ್ಮಾಧ್ಯಕ್ಷರ ಅನುಮತಿ ಬೇಕು. ಗರಿಷ್ಠ ಮಿತಿಯನ್ನೂ ಮೀರಿದರೆ ರೋಮಿನ ಅನುಮತಿ. ಗುರುಗಳು ಕೆಲವು ವರ್ಷಗಳಿಗೊಮ್ಮೆ ವರ್ಗವಾಗಿ ಹೋಗುವುದರಿಂದ ಪಹಣಿ, ಕ್ರಯಪತ್ರ, ನಕ್ಷೆಗಳು ಕೈತಪ್ಪದಂತೆ ನೋಡಿಕೊಳ್ಳುವುದು ಮುಖ್ಯ. ಇದಕ್ಕಾಗಿಯೇ 1283ನೇ ನಿಯಮವು ಆಡಳಿತ ವಹಿಸಿಕೊಳ್ಳುವವರು ಪ್ರಮಾಣ ಮಾಡಿ, ಸ್ಥಿರ ಮತ್ತು ಬೆಲೆಬಾಳುವ ಚರ ಆಸ್ತಿಯ ಪಟ್ಟಿಗೆ ಸಹಿ ಹಾಕಬೇಕೆನ್ನುತ್ತದೆ. ಅದರ ಒಂದು ಪ್ರತಿ ಆಡಳಿತದ ಕಚೇರಿಯಲ್ಲಿ, ಇನ್ನೊಂದು ಧರ್ಮಾಧ್ಯಕ್ಷರ ಕಾರ್ಯಾಲಯದಲ್ಲಿ ಉಳಿಯುತ್ತದೆ. ಮುಂದೆ ಏನು ಬದಲಾದರೂ ಎರಡರಲ್ಲೂ ನಮೂದಾಗಬೇಕು.