ಒಂದೇ ಶಾಸನ, ಎರಡು ಸಭೆಗಳು: ದೆಹಲಿ ಮತ್ತು ಕೊಡಗು

ದೆಹಲಿಯ ಹಳೆಯ ಸಚಿವಾಲಯದ ಬಿಳಿಯ ಕಟ್ಟಡವನ್ನು ಕಾಣದ ದೆಹಲಿ ಕನ್ನಡಿಗರು ವಿರಳ. 1912ರಲ್ಲಿ ನಿರ್ಮಿತವಾದ ಆ ಸೌಧದಲ್ಲಿ, ಸಂಸದ್ಭವನವು 1927ರಲ್ಲಿ ಸಿದ್ಧವಾಗುವವರೆಗೆ, ಕೇಂದ್ರ ಶಾಸನಸಭೆಯ ಚಳಿಗಾಲದ ಅಧಿವೇಶನಗಳು ಜರುಗುತ್ತಿದ್ದುವು. ವಿಠಲಭಾಯಿ ಪಟೇಲರು ಅಧ್ಯಕ್ಷಪೀಠವನ್ನಲಂಕರಿಸಿದ್ದೂ ಅಲ್ಲಿಯೇ. ಇಂದು ಅದು ದೆಹಲಿಯ ವಿಧಾನಸಭೆಯ ನೆಲೆಯಾಗಿದೆ. ಆದರೆ ಈ ಸಭೆಯ ಪೂರ್ವಚರಿತ್ರೆಯು ನಮ್ಮ ಕೊಡಗಿನ ಚರಿತ್ರೆಯೊಡನೆ ಹೆಣೆದುಕೊಂಡಿದೆಯೆಂಬುದು ಅನೇಕರಿಗೆ ತಿಳಿಯದು.

ಸಂವಿಧಾನವು ಜಾರಿಗೆ ಬಂದಾಗ ದೆಹಲಿಯೂ ಕೊಡಗೂ 'ಸಿ' ವರ್ಗದ ರಾಜ್ಯಗಳಾಗಿದ್ದುವು. 1951ರ ಒಂದೇ ಶಾಸನವು ಎರಡಕ್ಕೂ ವಿಧಾನಸಭೆಯನ್ನಿತ್ತಿತು: ದೆಹಲಿಗೆ 48 ಸದಸ್ಯರು, ಕೊಡಗಿಗೆ 24. ಕೊಡಗಿಗೆ ಇದು ಹೊಸದೇನಲ್ಲ. 1924ರಿಂದಲೂ ಅಲ್ಲಿ ಶಾಸನಪರಿಷತ್ತೊಂದಿತ್ತು.

ಕೊಟ್ಟ ಅಧಿಕಾರವಾದರೂ ಎಷ್ಟು? ಸಭೆಯು ಅಂಗೀಕರಿಸಿದ ಮಸೂದೆಗಳು ರಾಷ್ಟ್ರಪತಿಗಳ ಒಪ್ಪಿಗೆಗಾಗಿ ಕಾಯಬೇಕಾಗಿತ್ತು. ಮುಖ್ಯ ಕಮೀಷನರು ಉಪಸ್ಥಿತರಿದ್ದರೆ ಮಂತ್ರಿಮಂಡಲದ ಅಧ್ಯಕ್ಷತೆಯೂ ಅವರದೇ. ದೆಹಲಿಗೆ ಮತ್ತಷ್ಟು ಕಟ್ಟುಪಾಡುಗಳು. ಪೋಲೀಸು, ಶಾಂತಿಪಾಲನೆ ಮತ್ತು ಕೇಂದ್ರಕ್ಕೆ ಸೇರಿದ ನೆಲ ಸಭೆಯ ಎಲ್ಲೆಯ ಹೊರಗೆ. ಹೊಸ ದೆಹಲಿಗೆ ಸಂಬಂಧಿಸಿದ ಯಾವ ನಿರ್ಣಯಕ್ಕೂ ಕಮೀಷನರ ಸಮ್ಮತಿ ಬೇಕು. ಸರಕಾರೀ ವಸತಿಗಳಲ್ಲಿದ್ದ ನಮ್ಮವರು ತಮ್ಮ ಮನೆಯ ಮುಂದಿನ ಬೀದಿಯ ವಿಚಾರವನ್ನು ಯಾರಲ್ಲಿ ಹೇಳಿಕೊಳ್ಳಬೇಕಾಗಿತ್ತೋ!

ದೆಹಲಿಯಲ್ಲಿ ಚೌಧರಿ ಬ್ರಹ್ಮಪ್ರಕಾಶರು 1952ರ ಮಾರ್ಚಿಯಲ್ಲಿ ಮುಖ್ಯಮಂತ್ರಿಗಳಾದರು; 1955ರಲ್ಲಿ ಅವರ ಸ್ಥಾನಕ್ಕೆ ಬಂದವರು ಸಭಾಧ್ಯಕ್ಷರಾಗಿದ್ದ ಗುರುಮುಖ ನಿಹಾಲ್ ಸಿಂಗರು, ರಾಜ್ಯಶಾಸ್ತ್ರದ ವಿದ್ವಾಂಸರು. ಕೊಡಗಿನಲ್ಲಿ ಸಿ. ಎಂ. ಪೂಣಚ್ಚನವರದು ಕಾಂಗ್ರೆಸ್ ಸರಕಾರ, 15 ಸ್ಥಾನಗಳ ಬಲ. ಎದುರಿಗೆ ಒಂಬತ್ತು ಮಂದಿ 'ತಕ್ಕಡಿ' ಪಕ್ಷದವರು; ಮೈಸೂರಿನೊಡನೆ ವಿಲೀನವಾಗಲೊಲ್ಲದವರು. ಕೊಡಗಿನ ಪ್ರಶ್ನೆಯ ತಿರುಳು ಇಲ್ಲಿಯೇ ಇದ್ದಿತು: ಭಾಷಾಬಂಧುಗಳ ದೊಡ್ಡ ಮನೆಯೋ, ತನ್ನದೇ ಆದ ಚಿಕ್ಕ ಸಭೆಯೋ?

ಫಜಲ್ ಅಲಿ ಆಯೋಗದ ವರದಿ 1955ರಲ್ಲಿ ಹೊರಬಂದಿತು. 1956ರ ನವೆಂಬರ್ 1ರಂದು ಎರಡೂ ಸಭೆಗಳು ಒಂದೇ ದಿನ ಇಲ್ಲವಾದುವು. ನಾವು ಉತ್ಸವವಾಗಿ ಆಚರಿಸುವ ದಿನದ ಈ ಇನ್ನೊಂದು ಮುಖವನ್ನು ಮರೆಯುವುದು ಉಚಿತವಲ್ಲ. ಕೊಡಗಿಗೆ ಮೈಸೂರಿನ ವಿಧಾನಸಭೆಯಲ್ಲಿ ಸ್ಥಾನ ದೊರೆಯಿತು; ಪೂಣಚ್ಚನವರು ಮುಂದೆ 1967ರಲ್ಲಿ ಕೇಂದ್ರದ ರೈಲ್ವೆ ಮಂತ್ರಿಗಳೂ ಆದರು. ದೆಹಲಿಗೆ ಸೇರಿಕೊಳ್ಳಲು ಯಾವ ಮನೆಯೂ ಇರಲಿಲ್ಲ. ಅದು ಕೇಂದ್ರಾಡಳಿತ ಪ್ರದೇಶವಾಯಿತು.

1966ರ ಕಾಯಿದೆಯ ಮಹಾನಗರ ಪರಿಷತ್ತಿಗೆ ಚರ್ಚಿಸಿ ಶಿಫಾರಸು ಮಾಡುವುದಲ್ಲದೆ ಶಾಸನ ಮಾಡುವ ಹಕ್ಕಿರಲಿಲ್ಲ. ಸಂವಿಧಾನದ 69ನೆಯ ತಿದ್ದುಪಡಿಯ ಬಲದಿಂದ 70 ಸ್ಥಾನಗಳ ವಿಧಾನಸಭೆ 1993ರಲ್ಲಿ ಚುನಾಯಿತವಾದಾಗ, ಮೂವತ್ತೇಳು ವರ್ಷಗಳು ಕಳೆದಿದ್ದುವು. ಪೋಲೀಸು, ಶಾಂತಿಪಾಲನೆ, ಭೂಮಿ ಆಗಲೂ ಹೊರಗೇ ಉಳಿದುವು. ಅಧಿಕಾರಿಗಳ ನೇಮಕ ಯಾರ ಕೈಯದೆಂಬ ವಾದವು 2023ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಸಂಸತ್ತಿನ ಹೊಸ ಕಾಯಿದೆಗೆ ತಿರುಗಿತು.

ಅತ್ತ 24 ಮಂದಿಯನ್ನು ತನ್ನ ಸಭೆಗೆ ಕಳುಹಿಸುತ್ತಿದ್ದ ಕೊಡಗು, ಇಂದು ಕರ್ನಾಟಕದ 224 ಸ್ಥಾನಗಳಲ್ಲಿ ಮಡಿಕೇರಿ, ವಿರಾಜಪೇಟೆ ಎಂಬ ಎರಡನ್ನು ಹೊಂದಿದೆ.