ಮನೆಯ ಕಾಕ್‌ಪಿಟ್ ಸಿಮ್ಯುಲೇಟರ್: ವೈರಿಂಗ್ ದೋಷ ಮತ್ತು ಹುಸಿ ಸ್ವಿಚ್ ಸಂಕೇತ

ವಿಮಾನ ಚಾಲಕರ ಮುಂದಿರುವ ಫಲಕಗಳನ್ನು ಹವ್ಯಾಸಿಗಳು ನಿಜವಾದ ಸ್ವಿಚ್, ನಾಬ್, ಲಿವರ್‌ಗಳಿಂದ ಮನೆಯಲ್ಲೇ ಕಟ್ಟಿ ಕಂಪ್ಯೂಟರಿಗೆ ಜೋಡಿಸಿದಾಗ ಅದು ಮನೆಯ ಕಾಕ್‌ಪಿಟ್ ಸಿಮ್ಯುಲೇಟರ್ ಎನಿಸುತ್ತದೆ. ಯಾರೂ ಮುಟ್ಟದೆ ಲ್ಯಾಂಡಿಂಗ್ ಗೇರ್ ಇಳಿಯುವುದು, ಒಂದು ಸ್ವಿಚ್ ಹಾಕಿದರೆ ಬೇರೊಂದೂ ಚಾಲೂ ಆಗುವುದು, ನಾಬನ್ನು ಒಂದು ಹೆಜ್ಜೆ ತಿರುಗಿಸಿದರೆ ಅಂಕಿ ಮೂರು ಹೆಜ್ಜೆ ಜಿಗಿಯುವುದು ಇವೆಲ್ಲ ಹುಸಿ ಸಂಕೇತಗಳು. ಇವುಗಳ ಬೇರನ್ನು ತಂತ್ರಾಂಶಕ್ಕಿಂತ ಮೊದಲು ತಂತಿಯಲ್ಲಿ ಹುಡುಕಬೇಕು.

ಹಿನ್ನೆಲೆ

ನೆಲದ ಮೇಲೆಯೇ ಹಾರಾಟ ಕಲಿಸುವ ಯಂತ್ರವನ್ನು ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ರೂಪಿಸಿದರು. ಕರ್ನಾಟಕದಲ್ಲಿ ಈ ವಿದ್ಯೆಯ ನೆಲೆ ಬೆಂಗಳೂರು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ ಸೇರಿದ ಅಲ್ಲಿನ ಎಡಿಇ ಪ್ರಯೋಗಾಲಯ ತೇಜಸ್ ಯುದ್ಧವಿಮಾನಕ್ಕಾಗಿ ಸಿಮ್ಯುಲೇಟರ್‌ಗಳನ್ನು ಕಟ್ಟಿದೆ. ವಿಮಾನ ತಯಾರಿಸುವ ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಕೂಡಿ ಸ್ಥಾಪಿಸಿದ ಹ್ಯಾಟ್ಸಾಫ್ ಸಂಸ್ಥೆ ಅಲ್ಲಿ ಹೆಲಿಕಾಪ್ಟರ್ ಪೈಲಟ್‌ಗಳಿಗೆ ತರಬೇತಿ ನೀಡುತ್ತದೆ. 1982ರಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹಾರಾಟವನ್ನು ಮನೆಯ ಕಂಪ್ಯೂಟರಿಗೆ ತಂದಿತು. 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಬೋರ್ಡು ಸ್ವಿಚ್‌ಗಳನ್ನು ಜೋಡಿಸುವ ಕೆಲಸವನ್ನು ಹಗುರಗೊಳಿಸಿತು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಯಲ್ಲಿ ಬಿಡಿಭಾಗ ಕೊಂಡರೆ ರಾಣೇಬೆನ್ನೂರು ತಾಲೂಕಿನ ಹಲಗೇರಿಯ ಮನೆಯಲ್ಲೂ ಇಂಥ ಫಲಕ ಕಟ್ಟಬಹುದು.

ಹುಸಿ ಸಂಕೇತ ಹುಟ್ಟುವ ಬಗೆ

ತೆರೆದಿರುವ ಸ್ವಿಚ್ಚಿಗೂ ಒಂದು ನಿಶ್ಚಿತ ವೋಲ್ಟೇಜ್ ಬೇಕು. ಹೊಸಬರು ಹೆಚ್ಚಾಗಿ ಮರೆಯುವುದು ಇದನ್ನೇ.

ಸ್ವಿಚ್ ತೆರೆದಾಗ ಬೋರ್ಡಿನ ಪಿನ್ ಯಾವುದಕ್ಕೂ ಅಂಟದೆ ತೇಲುತ್ತಿದ್ದರೆ, ಅದಕ್ಕೆ ಸೇರಿದ ಉದ್ದನೆಯ ತಂತಿ ಆಂಟೆನಾದಂತೆ ಸುತ್ತಲಿನ 50 ಹರ್ಟ್ಸ್ ಮನೆವಿದ್ಯುತ್ತಿನ ಗದ್ದಲವನ್ನು ಹಿಡಿಯುತ್ತದೆ. ಪಿನ್ನನ್ನು 5 ವೋಲ್ಟಿನತ್ತ ಎಳೆದು ಹಿಡಿಯುವ ಪುಲ್-ಅಪ್ ರೆಸಿಸ್ಟರ್ ಇದಕ್ಕೆ ಪರಿಹಾರ. ಆರ್ಡುಯಿನೊ ಮೆಗಾದಂಥ ಬೋರ್ಡಿನ ಚಿಪ್‌ನೊಳಗೇ 20ರಿಂದ 50 ಕಿಲೋಓಮ್‌ನ ಪುಲ್-ಅಪ್ ಇದ್ದು, ಪ್ರೋಗ್ರಾಮಿನಲ್ಲಿ ಅದನ್ನು ಚಾಲೂ ಮಾಡಬೇಕು. ತಂತಿ ಉದ್ದವಾಗಿದ್ದರೆ ಆ ಹಿಡಿತ ಸಾಲದು, ಹೊರಗಿನಿಂದ 4.7 ಕಿಲೋಓಮ್ ರೆಸಿಸ್ಟರ್ ಸೇರಿಸಿ, ಸಂಕೇತದ ತಂತಿಯನ್ನು ಗ್ರೌಂಡ್ ತಂತಿಯೊಡನೆ ಹೆಣೆದರೆ ಗದ್ದಲ ತಗ್ಗುತ್ತದೆ.

13ನೇ ಪಿನ್ನಿಗೆ ಎಲ್‌ಇಡಿಯನ್ನು ನೇರವಾಗಿ ಜೋಡಿಸಿರುವ ಬೋರ್ಡುಗಳ ತೊಂದರೆಯೇ ಬೇರೆ. ಅಲ್ಲಿ ಒಳಗಿನ ಪುಲ್-ಅಪ್ ಹಾಕಿದರೂ ಪಿನ್ 5 ವೋಲ್ಟಿಗೆ ಏರದೆ 1.7 ವೋಲ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಚಿಪ್ ಖಚಿತವಾಗಿ ಸೊನ್ನೆ ಎಂದು ಓದುವುದು 1.5 ವೋಲ್ಟಿನ ಕೆಳಗೆ, ಒಂದು ಎಂದು ಓದುವುದು 3 ವೋಲ್ಟಿನ ಮೇಲೆ. ನಡುವಿನ ವೋಲ್ಟೇಜನ್ನು ಅದು ಹೇಗೆ ಓದೀತೆಂದು ನೆಚ್ಚುವಂತಿಲ್ಲ. ಸ್ವಿಚ್ಚನ್ನು ಬೇರೆ ಪಿನ್ನಿಗೆ ಹಾಕುವುದೇ ಸುಲಭದ ದಾರಿ.

ಸ್ವಿಚ್‌ಗಳು ಹೆಚ್ಚಾದಾಗ ಸಾಲು-ಕಂಬಗಳ ಜಾಲವಾಗಿ ಜೋಡಿಸುವುದು ರೂಢಿ. 8 ಸಾಲು, 8 ಕಂಬಗಳಿದ್ದರೆ 16 ಪಿನ್ನುಗಳಲ್ಲೇ 64 ಸ್ವಿಚ್ ಓದಬಹುದು. ಆದರೆ ಜಾಲದಲ್ಲಿ ಆಯತದ ಮೂರು ಮೂಲೆಗಳ ಸ್ವಿಚ್‌ಗಳು ಒಟ್ಟಿಗೆ ಮುಚ್ಚಿದರೆ ಕರೆಂಟು ಹಿಮ್ಮುಖವಾಗಿ ಸುತ್ತಿ ಹರಿದು ನಾಲ್ಕನೆಯದೂ ಮುಚ್ಚಿದಂತೆ ತೋರುತ್ತದೆ. ಗುಂಡಿಗಳನ್ನು ಒತ್ತಿ ಬಿಡುತ್ತೇವೆ. ಕಾಕ್‌ಪಿಟ್‌ನ ಟಾಗಲ್‌ಗಳಾದರೋ ಹಾಕಿದ ಮೇಲೆ ಹಾಗೇ ಇರುತ್ತವೆ. ಹಾಗಾಗಿ ಈ ದೋಷ ಇಲ್ಲಿ ಹೆಚ್ಚು ಕಾಡುತ್ತದೆ. ಪ್ರತಿ ಸ್ವಿಚ್ಚಿನ ಜೊತೆ ಸರಣಿಯಲ್ಲಿ ಒಂದೊಂದು 1ಎನ್4148 ಡಯೋಡನ್ನು, ಎಲ್ಲವೂ ಒಂದೇ ದಿಕ್ಕಿಗಿರುವಂತೆ ಬೆಸೆದರೆ ಹಿಮ್ಮುಖದ ಹಾದಿ ಮುಚ್ಚುತ್ತದೆ. ಒಂದೇ ಒಂದು ಡಯೋಡ್ ತಿರುವುಮುರುವಾದರೂ ಆ ಸ್ವಿಚ್ ಕೆಲಸ ಮಾಡದು.

ಸ್ವಿಚ್ಚಿನ ಲೋಹದ ತುದಿಗಳು ತಾಗುವಾಗ ಕೆಲವು ಮಿಲಿಸೆಕೆಂಡು ಪುಟಿಯುತ್ತವೆ, ಒಂದು ಒತ್ತು ಹಲವಾಗಿ ಎಣಿಕೆಯಾಗುತ್ತದೆ. ಪ್ರೋಗ್ರಾಮಿನಲ್ಲಿ 10ರಿಂದ 20 ಮಿಲಿಸೆಕೆಂಡು ತಡೆದು ಓದಿದರೆ ಸಾಮಾನ್ಯವಾಗಿ ಸಾಕು. ಹೆಚ್ಚು ಕರೆಂಟಿಗೆಂದು ಮಾಡಿದ, ಬೆಳ್ಳಿ ಲೇಪದ ಟಾಗಲ್‌ಗಳ ತೊಂದರೆ ಇನ್ನೊಂದು: ಗಾಳಿಯ ಗಂಧಕಾಂಶದಿಂದ ಅವುಗಳ ಮೇಲೆ ಕಪ್ಪು ಪದರ ಕಟ್ಟುತ್ತದೆ. ಒಳಗಿನ ಪುಲ್-ಅಪ್‌ನಿಂದ ಹರಿಯುವ, ಹೆಚ್ಚೆಂದರೆ ಕಾಲು ಮಿಲಿಆಂಪಿಯರಿನ ಕರೆಂಟು ಅದನ್ನು ಭೇದಿಸಲಾರದೆ ಸ್ವಿಚ್ ಬಿಟ್ಟು ಬಿಟ್ಟು ಕೆಲಸ ಮಾಡುತ್ತದೆ. ಇಂಥಲ್ಲಿ ಚಿನ್ನದ ಲೇಪದ ಸ್ವಿಚ್ ಸೂಕ್ತ.

ಅರ್ಥಿಂಗ್

ಲೋಹದ ಫಲಕ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿದ್ದರೆ ಮೊದಲು ಪ್ಲಗ್ ನೋಡಬೇಕು. ಕಂಪ್ಯೂಟರಿನ ಪವರ್ ಸಪ್ಲೈಯೊಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಅರ್ಥಿಂಗ್ ಇಲ್ಲದ ಸಾಕೆಟ್ಟಿನಲ್ಲಿ ಅತ್ಯಲ್ಪ ಕರೆಂಟು ಕವಚಕ್ಕೂ ಗ್ರೌಂಡ್ ತಂತಿಗೂ ಸೋರುತ್ತದೆ. ಮೂರು ಪಿನ್ನಿನ ಪ್ಲಗ್ ಇದ್ದರೂ ಗೋಡೆಯ ಹಿಂದೆ ಅರ್ಥ್ ತಂತಿ ಇಲ್ಲದಿದ್ದರೆ ಪ್ರಯೋಜನವಿಲ್ಲ. ಇದನ್ನು ಎಲೆಕ್ಟ್ರಿಶಿಯನ್ನರಿಂದಲೇ ಪರೀಕ್ಷಿಸಬೇಕು. 230 ವೋಲ್ಟಿನ ಭಾಗವನ್ನು ಹವ್ಯಾಸಿ ಬಿಚ್ಚಬಾರದು.

ಪತ್ತೆಯ ಕ್ರಮ

ಮೊದಲು ಹಾರಾಟದ ತಂತ್ರಾಂಶ ಮುಚ್ಚಿ, ವಿಂಡೋಸ್‌ನ ಗೇಮ್ ಕಂಟ್ರೋಲರ್ ಪರದೆ ನೋಡಬೇಕು. ಜಾಯ್‌ಸ್ಟಿಕ್ ಆಗಿ ಗುರುತಿಸಿಕೊಳ್ಳುವ ಬೋರ್ಡಿನ ಗುಂಡಿ ಅಲ್ಲೂ ತಾನಾಗಿ ಮಿನುಗಿದರೆ ದೋಷ ಬೋರ್ಡಿನಲ್ಲಿ ಅಥವಾ ತಂತಿಯಲ್ಲಿದೆ. ಬಳಿಕ ಆ ಪಿನ್ನಿನ ತಂತಿ ಬಿಚ್ಚಿ, ಪುಲ್-ಅಪ್ ಚಾಲೂ ಇಟ್ಟು ಮತ್ತೆ ಗಮನಿಸಬೇಕು. ಮಿನುಗು ನಿಂತರೆ ದೋಷ ತಂತಿ ಅಥವಾ ಸ್ವಿಚ್ಚಿನಲ್ಲಿ, ನಿಲ್ಲದಿದ್ದರೆ ಬೋರ್ಡು ಅಥವಾ ಪ್ರೋಗ್ರಾಮಿನಲ್ಲಿ. ನಂತರ ಯುಎಸ್‌ಬಿ ಕಿತ್ತು, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ತಂತಿಯನ್ನು ಬೆರಳಿನಿಂದ ಅಲುಗಾಡಿಸುತ್ತಾ ಸಾಗಿದರೆ ಕಚ್ಚಾ ಬೆಸುಗೆಯೂ ಸಡಿಲ ಕನೆಕ್ಟರೂ ಸಿಕ್ಕಿಬೀಳುತ್ತವೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದು.

ಫಲಕದ ದೀಪಗಳನ್ನು ಹೊತ್ತಿಸಿದಾಗ ಮಾತ್ರ ಹುಸಿ ಸಂಕೇತ ಬಂದರೆ ವಿದ್ಯುತ್ ಪೂರೈಕೆಯ ಮೇಲೆ ಕಣ್ಣಿಡಬೇಕು. ಯುಎಸ್‌ಬಿ 2.0 ಕೊಡುವುದು 500 ಮಿಲಿಆಂಪಿಯರ್. ತಲಾ 20 ಮಿಲಿಆಂಪಿಯರಿನ 25 ಎಲ್‌ಇಡಿಗಳೇ ಅದನ್ನೆಲ್ಲ ನುಂಗುತ್ತವೆ. ದೀಪಗಳಿಗೆ ಪ್ರತ್ಯೇಕ 5 ವೋಲ್ಟ್ ಸಪ್ಲೈ, ದಪ್ಪನೆಯ ಗ್ರೌಂಡ್ ತಂತಿ ಕೊಡಬೇಕು. ವಿಮಾನಗಳಲ್ಲಿರುವಂತೆ ತಂತಿಗಳಿಗೆ ಗುರುತಿನ ಸಂಖ್ಯೆ ಅಂಟಿಸಿ, ಯಾವುದು ಯಾವ ಪಿನ್ನಿಗೆ ಹೋಗಿದೆ ಎಂಬ ಪಟ್ಟಿಯನ್ನು ಫಲಕದ ಹಿಂಬದಿಯಲ್ಲಿ ಇಟ್ಟರೆ ಮುಂದಿನ ದುರಸ್ತಿಗೆ ಇಡೀ ಕಟ್ಟು ಬಿಚ್ಚಬೇಕಾಗುವುದಿಲ್ಲ.